ಬೆಂಕಿಯ ಮುಂದೆ ನಡೆಯುವವಳು

ಬಿಳಿಗಿರಿ ತನ್ನ ಹೆಂಡತಿ ಚೆಲುವಮ್ಮನನ್ನು ಕಿವಿ ಬಿಟ್ಟು ಹೊಡೆಯುತ್ತಿದ್ದ. ಬೆನ್ನಿಗೆ ಹೊಡೆಯುತ್ತಿದ್ದ, ತೊಡೆಗೆ ಒದೆಯುತ್ತಿದ್ದ, ಒಮ್ಮೆ ಬಾಯಿಗೆ ಗುದ್ದಿ ಮುಂದಿನ ಹಲ್ಲು ಕಳಚಿದ್ದ. ಆದರೆ ಕುಡಿದಿರಲಿ, ಕುಡಿಯದಿರಲಿ, ಎಷ್ಟೇ ಸಿಟ್ಟಿನಿಂದ ಬೀಸಿದ ಕೈಯಾದರೂ ಅವಳ ತಲೆಯ ಪಕ್ಕಕ್ಕೆ ಬಂದಾಗ ದಾರಿ ಬದಲಿಸಿ ಹೆಗಲಿನ ಮೇಲೆ ಬೀಳುತ್ತಿತ್ತು. ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ರಸ್ತೆಯಿಂದ ಒಳಗೆ, ಬೋಳುಬಂಡೆಯೊಂದರ ಬುಡದಲ್ಲಿರುವ ಆ ಸಣ್ಣ ಊರಿಗೆ ಇದು ಗೊತ್ತಿತ್ತು. ಅವಳು ಬಿಂದಿಗೆ ಹೊತ್ತು ಟೀ ಅಂಗಡಿಯ ಮುಂದೆ ಹಾದುಹೋದರೆ ಬೆಂಚಿನ ಮೇಲಿದ್ದವರು ನಗುತ್ತಿದ್ದರು.

"ಕಿವಿ ಎರಡು ಶೋರೂಮ್ ಕಂಡೀಸನ್ನು ಕಣ್ಲಾ. ಮಿಕ್ಕಿದ್ದು ಗ್ಯಾರೇಜಿಗೆ ಬಂದದೆ."

ಅತ್ತೆ ದೊಡ್ಡಮಾದಮ್ಮನಿಗೆ ಇದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ. ಜಗಲಿಯ ಮೇಲೆ ಕೂತು ರಾಗಿ ಹಸನು ಮಾಡುತ್ತ, ಬಾಗಿಲಾಚೆ ಮಗನ ಕೈ ಏಳುವುದು ಕಂಡರೆ ಅವಳು ಮೊರ ಕೆಳಗಿಟ್ಟು ಒಂದೇ ಮಾತು ಕೂಗುತ್ತಿದ್ದಳು.

"ಕಿವಿ! ಕಿವಿ! ನೋಡ್ಕಂಡು ವಡಿ ಕಣ್ಲಾ."

ಆ ಮನೆಯ ಅನ್ನ ಚೆಲುವಮ್ಮನ ಕಿವಿಯಿಂದ ಬರುತ್ತಿತ್ತು. ಸುತ್ತಮುತ್ತಲ ಗುಡ್ಡಗಳಲ್ಲಿ ಮದ್ದಿಟ್ಟು ಸಿಡಿಸುವ ಕ್ವಾರಿಗಳಿವೆ, ತಂತಿಯ ಗರಗಸದಲ್ಲಿ ಬೆಣ್ಣೆಯಂತೆ ಕಲ್ಲು ಕೊಯ್ಯುವ ಕ್ವಾರಿಗಳಿವೆ. ಈ ಊರಿನ ಬಂಡೆಯಲ್ಲಿ ಮಾತ್ರ ಇನ್ನೂ ಬೆಂಕಿಯಿಂದ ಚಪ್ಪಡಿ ಎಬ್ಬಿಸುತ್ತಾರೆ. ಬಂಡೆ ಹಾಸುಹಾಸಾಗಿ ಮಲಗಿದೆ. ಅದರ ಒಂದು ಅಂಚಿನಲ್ಲಿ ಜಾಲಿ ಕಟ್ಟಿಗೆಯ ಸಾಲು ಹಚ್ಚಿ, ಉದ್ದ ಹಿಡಿಯ ಕಬ್ಬಿಣದ ಕೊಕ್ಕೆಯಿಂದ ಆ ಬೆಂಕಿಯನ್ನು ಮೆಲ್ಲಗೆ ಮುಂದಕ್ಕೆ ಎಳೆಯುತ್ತ ಹೋಗುತ್ತಾರೆ. ಕಾದ ಮೇಲ್ಪದರ ಹಿಗ್ಗುತ್ತದೆ, ಅಡಿಯ ತಣ್ಣನೆಯ ಕಲ್ಲಿನಿಂದ ಬಿಡಿಸಿಕೊಳ್ಳುತ್ತದೆ. ಬಿಟ್ಟಿತೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕಾಗಿ ಬೆಂಕಿಯ ಮುಂದೆ ಒಬ್ಬರು ಬರಿಗಾಲಲ್ಲಿ ನಡೆಯಬೇಕು. ಕೈಯಲ್ಲೊಂದು ಪುಟ್ಟ ಸುತ್ತಿಗೆ ಹಿಡಿದು, ಹೆಜ್ಜೆಗೊಮ್ಮೆ ಬಗ್ಗಿ ಬಡಿದು, ಕಲ್ಲು ಏನನ್ನುತ್ತದೆ ಎಂದು ಕೇಳಬೇಕು. ಅಡಿಗೆ ಅಂಟಿಕೊಂಡಿರುವ ಕಲ್ಲು 'ಟಣ್' ಎನ್ನುತ್ತದೆ, ಗಟ್ಟಿಯಾದ, ಚಿಕ್ಕ ದನಿ. ಬಿಟ್ಟುಕೊಂಡ ಕಲ್ಲು ಖಾಲಿ ಗುಡಾಣಕ್ಕೆ ಗುದ್ದಿದಂತೆ 'ಧಂ' ಎನ್ನುತ್ತದೆ. ಒಡಕು ಬಿದ್ದ ಕಲ್ಲು ಈ ಎರಡನ್ನೂ ಹೇಳುವುದಿಲ್ಲ. ನೆನೆದ ಹಲಗೆಗೆ ಬಡಿದ ಹಾಗೆ ಬೊದ್ದಾಗಿ ಸುಮ್ಮನಾಗುತ್ತದೆ.

ಧಂ ಎಂದ ಜಾಗದಲ್ಲಿ ಬೆಂಕಿ ನಿಲ್ಲಬಾರದು. ನಿಂತರೆ, ಬಿಟ್ಟ ಪದರ ಇನ್ನೂ ಹಿಗ್ಗಲು ನೋಡಿ, ಜಾಗವಿಲ್ಲದೆ ಮೇಲೆದ್ದು ಸಿಡಿಯುತ್ತದೆ.

ಬೆಂಕಿ ಎಳೆಯುವ ಗಂಡಸರಿಗೆ ಈ ದನಿಗಳ ವ್ಯತ್ಯಾಸ ತಿಳಿಯುವುದಿಲ್ಲ. ಚಿಕ್ಕಂದಿನಿಂದ ಕ್ವಾರಿಗಳ ಸುತ್ತಿಗೆ, ಡ್ರಿಲ್ಲು, ಮದ್ದುಗಳ ನಡುವೆ ಬೆಳೆದ ಕಿವಿಗಳು ಅವು. ಬಿಳಿಗಿರಿಗೂ ಅವನ ತಮ್ಮ ಶಂಕರನಿಗೂ ಟಣ್ ಒಂದೇ, ಧಂ ಒಂದೇ. ಹಾಗಾಗಿ ಬೆಂಕಿಯ ಮುಂದಿನ ನಡಿಗೆ ಆ ಮನೆಯ ಹೆಂಗಸರದ್ದು, ಅತ್ತೆಯಿಂದ ಸೊಸೆಗೆ ಬರುವಂಥದ್ದು.

ಚೆಲುವಮ್ಮ ಹನೂರಿನಾಚೆ ಹೂಗ್ಯಂನವಳು. ಕಾಡಿನ ಅಂಚಿನ ರಾಗಿ ಹೊಲದಲ್ಲಿ ಬೆಳೆದವಳು. ಆನೆ ಬರುವುದು ಮೊದಲು ಅಂಗಾಲಿಗೆ ಗೊತ್ತಾಗುತ್ತದೆ, ಆಮೇಲೆ ಕಿವಿಗೆ, ಕಣ್ಣಿಗೆ ಕೊನೆಗೆ ಎಂದು ಅವಳ ಅಪ್ಪ ಹೇಳುತ್ತಿದ್ದ. ಮದುವೆಯಾಗಿ ಬಂದ ಹೊಸದರಲ್ಲಿ ದೊಡ್ಡಮಾದಮ್ಮ ಅವಳ ಕಣ್ಣಿಗೆ ಟವೆಲ್ ಕಟ್ಟಿ, ಎಲ್ಲಿ ಬಿಟ್ಟಿದೆ, ಎಲ್ಲಿ ಅಂಟಿದೆ ಎಂದು ತನಗೆ ಮೊದಲೇ ಗೊತ್ತಿದ್ದ, ಬಿಸಿ ಆರದ ಬಂಡೆಯ ಮೇಲೆ ನಡೆಸಿ ಕಲಿಸಿದಳು. ತಪ್ಪು ಹೇಳಿದರೆ ಬೆರಳಿನ ಗೆಣ್ಣಿಗೆ ಸುತ್ತಿಗೆಯ ಹಿಡಿಯಿಂದ ಏಟು. ಒಂದು ಸಲ ಅವಳು ಧಂ ಅನ್ನುವುದನ್ನು ತಡವಾಗಿ ಹಿಡಿದಳು. ಸಿಡಿದ ಚಕ್ಕೆ ಶಂಕರನ ಮೊಣಕಾಲಿನ ಕೆಳಗೆ ಎಲುಬು ಕಾಣುವಂತೆ ಸೀಳಿತು. ಆವತ್ತು ಬಿಳಿಗಿರಿ ಮೊದಲ ಬಾರಿಗೆ ಅವಳ ಮೇಲೆ ಕೈ ಮಾಡಿದ. ದೀಪ ಹೊಟ್ಟೆಯಲ್ಲಿದ್ದಳು. ಚೆಲುವಮ್ಮ ಹೊಟ್ಟೆಯನ್ನು ಗೋಡೆಗೆ ಒತ್ತಿ ನಿಂತು ಬೆನ್ನು ಕೊಟ್ಟಳು.

ಅತ್ತೆ ಅರಿಶಿನ ಅರೆದು ಬೆನ್ನಿಗೆ ಹಚ್ಚುತ್ತ ತನ್ನ ಕತೆ ಹೇಳಿದ್ದು ಆ ದಿನವೇ. ದೊಡ್ಡಮಾದಮ್ಮನ ಗಂಡನೂ ಕಿವಿ ಬಿಟ್ಟೇ ಹೊಡೆಯುತ್ತಿದ್ದನಂತೆ. ವಯಸ್ಸಾಗಿ ಅವಳಿಗೆ ಕೇಳುವುದು ಮಂದವಾಗಿ, ಒಂದು ಬೆಳಿಗ್ಗೆ ಬಂಡೆಯ ಮೇಲೆ ತಪ್ಪು ಹೇಳಿದಳು. ಸಂಜೆ ಮನೆಗೆ ಬಂದವನೇ ಅವಳ ಎರಡು ಕಿವಿಗೂ ಒಂದೊಂದು ಬಿಟ್ಟ.

"ವರ್ಸಗಟ್ಲೆ ಕೂಡಿ ಮಡಗಿದ್ದ ಕಣಮ್ಮಿ, ಒಂದೇ ಸಲ ಕೊಟ್ಬುಟ್ಟ," ಎಂದು ಮುದುಕಿ ನಕ್ಕಳು. ಅಂದಿನಿಂದ ಅವಳಿಗೆ ಏನೂ ಕೇಳುವುದಿಲ್ಲ. ತುಟಿ ನೋಡಿ ಮಾತು ತಿಳಿಯುತ್ತಾಳೆ.

ಹೀಗೆಯೇ ದೀಪ ಒಂಬತ್ತನೇ ಕ್ಲಾಸಿಗೆ ಬರುವವರೆಗೂ ನಡೆಯಿತು.

ಆ ವರ್ಷ ಮುಳ್ಳೂರಿನ ಷಡಕ್ಷರಿ ಕಲ್ಲು ಕೇಳಿಕೊಂಡು ಬಂದ. ಗದ್ದೆ, ತೋಟ ಇರುವ ಮನುಷ್ಯ, ಹೊಸ ಮನೆ ಕಟ್ಟಿಸುತ್ತಿದ್ದ. ಅಂಗಳದಲ್ಲಿ ಗೋಡೆಗೆ ಒರಗಿಸಿದ್ದ ಚಪ್ಪಡಿಗಳನ್ನು ನೋಡುತ್ತ ಹೇಳಿದ.

"ಮಿಸಿನ್ ಕಲ್ಲು ಆಕ್ಸಿದ್ದೆ ಕಣಯ್ಯ ಜಗ್ಲಿಗೆ. ಕನ್ನಡಿ ಅಂಗಿತ್ತು. ಎಲ್ರೂ ಮುಖ ನೋಡ್ಕಂಡ್ರು, ನಮ್ಮವ್ವ ಜಾರಿ ಬಿದ್ದು ಸೊಂಟ ಮುರ್ಕಂಡ್ಲು. ಕಿತ್ತಾಕುಸ್ದೆ. ನಂಗೆ ಬೆಂಕಿ ಕಲ್ಲೇ ಬೇಕು. ಈ ಗೋಡೆಯಿಂದ ಆ ಗೋಡೆಗೆ ಒಂದೇ ಕಲ್ಲು."

"ಅಷ್ಟುದ್ದ ನಮ್ಮಪ್ಪನ ಕಾಲ್ದಲ್ಲೂ ಎದ್ದಿಲ್ಲ ಬುದ್ದಿ," ಎಂದ ಬಿಳಿಗಿರಿ.

"ಏಳುಸು. ನಿನ್ ಎಸ್ರು ನಮ್ಮ ಜಗ್ಲಿ ಮೇಲೆ ಕೆತ್ತುಸ್ತೀನಿ."

ಅಷ್ಟರಲ್ಲಿ ದೀಪ ಸ್ಕೂಲಿನಿಂದ ಬಂದಳು. ಬ್ಯಾಗು ಇಳಿಸಿ, ಯೂನಿಫಾರ್ಮಿನಲ್ಲೇ ಚಪ್ಪಡಿಗಳ ಸಾಲಿನ ಮುಂದೆ ಹೋಗುತ್ತ ಒಂದೊಂದಕ್ಕೂ ಬೆರಳ ಗೆಣ್ಣಿನಿಂದ ಬಡಿದಳು. ಆಟದಂತೆ. ಒಂದರ ಮುಂದೆ ನಿಂತು, "ಅಪ್ಪ, ಇದ್ರೊಳಗೆ ಒಡಕದೆ," ಎಂದಳು.

ಬಿಳಿಗಿರಿ ನಗುತ್ತ ಒಂದು ಚೊಂಬು ನೀರು ಎರಚಿದ. ಬಿಸಿಲಿಗೆ ಚಪ್ಪಡಿಯ ಮೈ ಆರಿತು. ನಡುವೆ ಒಂದು ಗೆರೆ ಮಾತ್ರ ಕೂದಲೆಳೆಯಷ್ಟು ಸಣ್ಣಗೆ, ಒದ್ದೆಯಾಗಿ ಉಳಿಯಿತು. ಬಿಳಿಗಿರಿಯ ನಗು ನಿಂತಿತು.

"ಅಯ್ಯೋ ನಿನ್ನ! ಈ ಮಗ ನಿಮ್ಮನೆ ಬಂಗಾರ ಕಣಯ್ಯ," ಎಂದ ಷಡಕ್ಷರಿ.

ದೀಪಳ ಮುಖ ಅರಳಿತು. ಅವಳು ಅಪ್ಪನನ್ನೇ ನೋಡುತ್ತಿದ್ದಳು. ಅವನು ಅವಳ ತಲೆಯ ಮೇಲೆ ಕೈ ಇಟ್ಟ. ಅವನು ಹಾಗೆ ಕೈ ಇಟ್ಟಿದ್ದನ್ನು ಚೆಲುವಮ್ಮ ಹಿಂದೆಂದೂ ಕಂಡಿರಲಿಲ್ಲ. ಷಡಕ್ಷರಿಗೆಂದು ತಂದಿದ್ದ ಮಜ್ಜಿಗೆಯ ಲೋಟವನ್ನು ಅವಳು ಬಾಗಿಲಲ್ಲೇ ಕೆಳಗಿಟ್ಟಳು.

ಷಡಕ್ಷರಿ ಹೋದ. ದೀಪ ಹಾಲು ತರಲು ಡೈರಿಗೆ ಹೋದಳು. ಬಿಳಿಗಿರಿ ಒಳಗೆ ಬಂದು ಗೋಡೆಗೆ ಒರಗಿ ಕೂತ.

"ಈ ಚಪ್ಪಡಿ ಒಂದು ಏಳ್ಲಿ. ಆಮೇಲಿಂದ ದೀಪ ಬತ್ತಳೆ ಬಂಡೆಗೆ. ಇಸ್ಕೂಲು ಸಾಕು."

"ಬ್ಯಾಡ," ಎಂದಳು ಚೆಲುವಮ್ಮ.

"ಏನಂದೆ?"

"ಮಗ ಬ್ಯಾಡ. ನಾನಿವ್ನಿ. ಸಾಯಗಂಟ ನಾನೇ ನಡೀತೀನಿ. ಅವ್ಳ್ನ ಆ ಕಲ್ಲಿಗೆ ಕಟ್ಬ್ಯಾಡಿ, ನಿಮ್ ಕಾಲಿಗ್ ಬೀಳ್ತೀನಿ."

ಅವನು ಎದ್ದ. ಅವನ ಕೈ ಎದ್ದಾಗ ಅವಳು ಅಭ್ಯಾಸದಂತೆ ಹೆಗಲು ಕೊಟ್ಟಳು. ಕೈ ಆ ದಿನ ದಾರಿ ಬದಲಿಸಲಿಲ್ಲ. ಅಂಗೈ ಪೂರ್ತಿ ಅಗಲಿಸಿ ಎಡಗಿವಿಯ ಮೇಲೆ ಬಿತ್ತು. ಚೆಲುವಮ್ಮನ ತಲೆ ಬಾಗಿಲ ತೋಳಿಗೆ ಬಡಿಯಿತು. ಅವನು ಜುಟ್ಟು ಹಿಡಿದೆತ್ತಿ ಅದೇ ಕಿವಿಗೆ ಇನ್ನೊಮ್ಮೆ ಹೊಡೆದ. ಕತ್ತಿನ ಮೇಲೆ ಬೆಚ್ಚಗೆ ಹರಿದಿದ್ದು ರಕ್ತ ಎಂದು ಅವಳಿಗೆ ತಿಳಿದದ್ದು ಸೀರೆ ಅಂಟಿಕೊಂಡ ಮೇಲೆ.

ಜಗಲಿಯಲ್ಲಿ ದೊಡ್ಡಮಾದಮ್ಮ ಎದ್ದು ನಿಂತಿದ್ದಳು. ಕೂಗಲು ಬಾಯಿ ತೆರೆದವಳು, ಹಾಲಿನ ಕ್ಯಾನು ಆಡಿಸುತ್ತ ಬರುತ್ತಿದ್ದ ಮೊಮ್ಮಗಳನ್ನು ನೋಡಿ, ಬಾಯಿ ಮುಚ್ಚಿ ಕೂತಳು. ಇನ್ನು ಕೂಗುವ ಅಗತ್ಯವಿರಲಿಲ್ಲ. ಮನೆಗೆ ಬೇರೆ ಕಿವಿ ಸಿಕ್ಕಿತ್ತು.

ಭಾನುವಾರ ಬೆಳಿಗ್ಗೆ ಬಂಡೆಗೆ ಬೆಂಕಿ ಹಚ್ಚಿದರು. ಚೆಲುವಮ್ಮ ಕಿವಿಗೆ ತುರುಕಿಕೊಂಡಿದ್ದ ಹತ್ತಿ ನೋಡಿ ಶಂಕರ ಕೇಳಿದ.

"ಏನಾಯ್ತು ಅತ್ಗೆ?"

"ಸೀತ ಕಣಪ್ಪ."

"ಈ ಬೇಸ್ಗೇಲಿ ಸೀತ!" ಎಂದ ಅವನು ಅಣ್ಣನ ಕಡೆ ನೋಡಿ, ಕೊಕ್ಕೆ ಎತ್ತಿಕೊಂಡ.

ಬಿಳಿಗಿರಿ ದೀಪಳನ್ನೂ ಕರೆತಂದಿದ್ದ. ಬಂಡೆಯ ಅಂಚಿನ ಬೇವಿನ ಮರದ ಕೆಳಗೆ ಕೂರಿಸಿ, "ಅವ್ವ ಎಂಗ್ ನಡೀತಳೆ, ನೋಡ್ಕೊ," ಎಂದಿದ್ದ. ಅವಳು ಮೊಣಕಾಲು ಅಪ್ಪಿಕೊಂಡು, ಕಣ್ಣರಳಿಸಿ ನೋಡುತ್ತಿದ್ದಳು.

ಚೆಲುವಮ್ಮ ಬೆಂಕಿಯ ಮುಂದೆ ನಡೆದಳು. ಎಡಗಿವಿಯೊಳಗೆ ಒಂದು ಟಣ್ ಹುಟ್ಟಿಕೊಂಡಿತ್ತು, ನಿಲ್ಲುತ್ತಿರಲಿಲ್ಲ. ಅದು ಹೊರಗಿನ ಎಲ್ಲ ಸದ್ದಿನ ಮೇಲೂ ಕೂತಿತ್ತು. ಮೊದಲ ಹೆಜ್ಜೆಗಳಲ್ಲಿ ಅವಳಿಗೆ ಕಲ್ಲಿನ ದನಿ ಯಾವುದು, ತಲೆಯೊಳಗಿನ ದನಿ ಯಾವುದು ತಿಳಿಯಲಿಲ್ಲ. ಬಲಗಿವಿಯನ್ನು ಕೆಳಗೆ ಬಾಗಿಸಿದಳು. ಅದೂ ಸಾಲದಾದಾಗ ಕಿವಿಯನ್ನೇ ಬಿಟ್ಟು ಕಾಲಿಗೆ ಗಮನ ಕೊಟ್ಟಳು. ಅಂಟಿಕೊಂಡ ಕಲ್ಲು ಸುತ್ತಿಗೆಯ ಏಟನ್ನು ಹಿಂದಕ್ಕೆ ಎಸೆಯುತ್ತಿತ್ತು, ಅಂಗಾಲಿಗೆ ಏನೂ ಬರುತ್ತಿರಲಿಲ್ಲ. ಬಿಟ್ಟ ಕಲ್ಲು ಏಟನ್ನು ತನ್ನ ಮೈಗೆಲ್ಲ ಹರಡಿಕೊಂಡು ನಡುಗುತ್ತಿತ್ತು. ಆ ನಡುಕ ಹಿಮ್ಮಡಿಯಿಂದ ಏರಿ ಮೊಣಕಾಲಿಗೆ ಮುಟ್ಟುತ್ತಿತ್ತು.

"ಬುಟ್ಟದೆ, ಎಳೀರಿ," ಎನ್ನುತ್ತಿದ್ದಳು. ಅವರು ಎಳೆಯುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಚಪ್ಪಡಿಯ ಮುಕ್ಕಾಲು ಪಾಲು ಬಿಟ್ಟಿತ್ತು. ಅಷ್ಟು ದೊಡ್ಡ ಪದರ ಅವಳ ಕಾಲ ಕೆಳಗೆ ಹಿಂದೆಂದೂ ಬಿಟ್ಟಿರಲಿಲ್ಲ. ಅವಳು ಬಡಿದಾಗೆಲ್ಲ ಇಡೀ ಚಪ್ಪಡಿ ತುದಿಯಿಂದ ತುದಿಗೆ ಗುನುಗುತ್ತಿತ್ತು. ಚಂದದ ಕಲ್ಲು. ಇದು ಎದ್ದರೆ ಷಡಕ್ಷರಿ ಹತ್ತು ಊರಿಗೆ ಹೇಳುತ್ತಾನೆ, ಹತ್ತು ಊರಿನವರು ಬರುತ್ತಾರೆ, ಬಂಡೆ ಕೊಡುತ್ತಲೇ ಇರುತ್ತದೆ. ಬಂಡೆ ಕೊಡುವವರೆಗೂ ಈ ಮನೆಗೆ ಒಂದು ಕಿವಿ ಬೇಕು, ಮಿಕ್ಕ ಮೈ ಹೊಡೆಯಲಿಕ್ಕೆ. ಮರದ ಕೆಳಗೆ ದೀಪ ಜಡೆಯ ತುದಿ ಕಚ್ಚುತ್ತ ಕೂತಿದ್ದಳು. ನೆರಳು ಸರಿದು ಅವಳ ಒಂದು ಭುಜದ ಮೇಲೆ ಬಿಸಿಲು ಬಿದ್ದಿತ್ತು.

ಚೆಲುವಮ್ಮ ಬಗ್ಗಿ ಬಡಿದಳು. ನಡುಕ ಮೊಣಕಾಲಿಗೆ ಬಂತು.

"ಇನ್ನೂ ಬುಟ್ಟಿಲ್ಲ," ಎಂದಳು.

ಮರದ ಕೆಳಗೆ ದೀಪ ತಲೆ ಎತ್ತಿದಳು.

"ಕಟ್ಗೆ ಆಕಿ. ಅಂಟ್ಕಂಡದೆ," ಎಂದಳು ಚೆಲುವಮ್ಮ.

ಹಾಕಿದರು. ಜಾಲಿಯ ಕೆಂಡ ಕೆಂಪಿನಿಂದ ಬಿಳುಪಿಗೆ ತಿರುಗಿತು. ಬಂಡೆಯ ಮೈಯಿಂದ ಕಡಲೆ ಹುರಿದಂತೆ ಚಟಚಟ ಸಣ್ಣ ಚಕ್ಕೆಗಳು ಏಳತೊಡಗಿದವು.

"ಬುಟ್ಟಿರ್ಬೇಕು ಕಣಮ್ಮಿ, ಇಷ್ಟೊತ್ತು ಎಂದೂ ತಕಂಡಿಲ್ಲ," ಎಂದ ಬಿಳಿಗಿರಿ.

"ನೀವೇ ಬಡುದು ನೋಡಿ ಮತ್ತೆ."

ಅವನು ಹಲ್ಲು ಕಚ್ಚಿದ. ಬಡಿದರೆ ಅವನಿಗೆ ತಿಳಿಯುವುದಿಲ್ಲ, ತಿಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಇನ್ನೊಂದು ಹೊರೆ ಒಟ್ಟಿದ.

"ಶಂಕ್ರಪ್ಪ, ಬಾಯಾರ್ತು. ಕೆಳಕ್ಕೋಗಿ ನೀರು ತಕಂಡು ಬಾ," ಎಂದಳು ಅವಳು. ಶಂಕರ ಬಿಂದಿಗೆ ಹಿಡಿದು ಇಳಿದ. ಅವಳು ಹಿಂದಕ್ಕೆ ಹೆಜ್ಜೆ ಹಾಕುತ್ತ ಚಪ್ಪಡಿಯಿಂದಾಚೆ, ಮೇಲಿನ ಗಟ್ಟಿ ಬಂಡೆಗೆ ಸರಿದಳು. ಚಪ್ಪಡಿಯ ನಡುವೆ, ಬೆಂಕಿಗೆ ಬೆನ್ನು ತಾಗುವಷ್ಟು ಹತ್ತಿರ, ಬಿಳಿಗಿರಿ ಒಬ್ಬನೇ ಉಳಿದ.

ಅಂಗಾಲಿಗೆ ಬಂದದ್ದು ಈಗ ನಡುಕವಲ್ಲ. ಮಲಗಿದ್ದ ದೊಡ್ಡ ಪ್ರಾಣಿಯೊಂದು ಮಗ್ಗುಲು ತಿರುಗಿದ ಹಾಗೆ ಕಲ್ಲು ಅಡಿಯಲ್ಲಿ ಅಲುಗಿತು. ಅವಳು ಬಂಡೆಯನ್ನು ಕೊಲ್ಲಲು ಹೊರಟಿದ್ದಳು, ಅಷ್ಟೇ. ಈಗ ಸುಮ್ಮನಿದ್ದರೆ ಸಾಕು, ಅವನೂ ಹೋಗುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ. ತುಟಿ ಬಿಗಿಹಿಡಿದು ನಿಂತಳು. ಒಂದು ಉಸಿರು, ಇನ್ನೊಂದು ಉಸಿರು. ಮರದ ಕಡೆಯಿಂದ ದೀಪ ತನ್ನ ಅಪ್ಪನನ್ನು ನೋಡುತ್ತಿದ್ದಳು.

"ಇತ್ಲಾಗ್ ಬನ್ನಿ!" ಎಂದು ಚೆಲುವಮ್ಮ ಕೂಗಿದಳು.

"ತಡಿಯಮ್ಮಿ," ಎಂದ ಅವನು ತಿರುಗದೆ.

"ಬನ್ನಿ ಅಂದ್ರೆ!"

ಅವನು ಕೆಂಡ ಕೆದಕುತ್ತಲೇ ಇದ್ದ.

ಮದುವೆಯಾದ ಮೇಲೆ ಗಂಡನ ಹೆಸರು ಅವಳ ಬಾಯಿಗೆ ಬಂದಿರಲಿಲ್ಲ. ರೇಷನ್ ಕಾರ್ಡ್ ಆಫೀಸಿನಲ್ಲಿ ಮಗಳಿಂದ ಹೇಳಿಸಿದ್ದಳು. ಎದುರಿಗೆ ಕಾಣುವ ರಂಗಪ್ಪನ ಬೆಟ್ಟಕ್ಕೂ ಅದೇ ಹೆಸರೆಂದು ಅದನ್ನು ಬರೀ 'ಆ ಬೆಟ್ಟ' ಎನ್ನುತ್ತಿದ್ದಳು. ಈಗ ಎದೆಯ ತಳದಿಂದ ಅದನ್ನು ಎತ್ತಿ ಎಸೆದಳು.

"ಬಿಳಿಗಿರೀ! ಲೇ ಬಿಳಿಗಿರೀ!"

ಬೆನ್ನಿಗೆ ಚಾಟಿ ಬಿದ್ದವನಂತೆ ಅವನು ತಿರುಗಿದ. ಕೆಳಗಿಂದ ಬಂಡೆ ಹತ್ತಿ ಬರುತ್ತಿದ್ದ ಶಂಕರ ಬಿಂದಿಗೆ ಸಮೇತ ಹಾಗೆಯೇ ನಿಂತ. ಬಿಳಿಗಿರಿಯ ಮುಖ ಕಪ್ಪಾಗಿತ್ತು. ಕೈಯಲ್ಲಿದ್ದ ಕೊಕ್ಕೆಯನ್ನು ಎತ್ತಿಕೊಂಡು ಅವಳ ಕಡೆಗೆ ದಾಪುಗಾಲು ಹಾಕಿದ. ಚಪ್ಪಡಿಯ ಅಂಚು ದಾಟಿದ್ದನಷ್ಟೆ, ಹಿಂದೆ ಬಂಡೆ ಎದ್ದಿತು.

ಮೊದಲು ಸದ್ದಿರಲಿಲ್ಲ. ಬೆಂಕಿಯ ಸಾಲು ಹಾವಿನಂತೆ ಬೆನ್ನೆತ್ತಿತು. ಆಮೇಲೆ ಆಕಾಶವೇ ಬಿರಿದಂತೆ ಸಿಡಿಯಿತು. ಕೆಂಡ, ಕಲ್ಲು, ಬೂದಿ ಎಲ್ಲ ಒಟ್ಟಿಗೆ ಮೇಲೆ ಹಾರಿದವು. ಬೇವಿನ ಕೊಂಬೆಯೊಂದು ಕಡಿದು ಬಿತ್ತು. ಅಂಗೈಯಗಲದ ಚಕ್ಕೆ ಬಿಳಿಗಿರಿಯ ಬೆನ್ನ ಮೇಲಿನ ಅಂಗಿ, ಚರ್ಮ ಎರಡನ್ನೂ ಹರಿದುಕೊಂಡು ಹೋಯಿತು. ಅವನು ಮಂಡಿಯೂರಿದ. ಅವನು ನಿಂತಿದ್ದ ಜಾಗದಲ್ಲಿ ಆಳು ಹೂಳುವಷ್ಟು ಗುಂಡಿ ಹೊಗೆಯಾಡುತ್ತಿತ್ತು. ಅಲ್ಲಿಂದ ಬಿರುಕುಗಳು ಒಂದರ ಹಿಂದೊಂದು ಪಟಪಟ ಎನ್ನುತ್ತ ಬಂಡೆಯ ಮೇಲ್ಮೈಗೆಲ್ಲ ಓಡಿದವು.

ಬಿಳಿಗಿರಿ ಎದ್ದ. ಗುಂಡಿಯ ಕಡೆ ತಿರುಗಿ ಕೂಡ ನೋಡಲಿಲ್ಲ.

"ನನ್ನೆಸ್ರು ಕರುದ್ಯಾ?" ಎಂದ. "ನನ್ ತಮ್ಮನ್ ಮುಂದೆ? ನನ್ ಮಗ್ಳ ಮುಂದೆ? ಲೇ ಅಂದ್ಯಾ?"

ಕೊಕ್ಕೆಯ ಹಿಡಿ ಅವಳ ಪಕ್ಕೆಗೆ ಬಿತ್ತು. ಎಲುಬು ಮುರಿದದ್ದು ಅವಳಿಗೆ ಒಳಗಿಂದ ಕೇಳಿಸಿತು. ಬಿದ್ದವಳ ಬಲಗಿವಿಯ ಮೇಲೆ ಕಾಲಿನಿಂದ ತುಳಿದ. ಮತ್ತೆ ಹೊಡೆದ. ಶಂಕರ ಓಡಿಬಂದು ಅಣ್ಣನ ಸೊಂಟ ಹಿಡಿದ.

"ಬುಡಣ್ಣ! ನಿನ್ ಪ್ರಾಣ ಉಳುಸುದ್ಲು ಕಣಣ್ಣ ಅತ್ಗೆ! ತಿರುಗ್ ನೋಡು!"

"ಎಸ್ರಿಡ್ದು ಕರುದ್ಲು ಕಣ್ಲಾ!" ಎಂದು ಅವನು ತಮ್ಮನನ್ನು ಮೊಣಕೈಯಿಂದ ಗುದ್ದಿ ಕೆಡವಿದ.

ದೀಪ ಅವ್ವನ ಮೇಲೆ ಬಿದ್ದು ಅಡ್ಡ ಮಲಗಿದಳು. ಎತ್ತಿದ ಹಿಡಿ ಬೀಸಿ ಬಂತು. ಅವಳ ತಲೆಯ ಪಕ್ಕಕ್ಕೆ ಬಂದದ್ದೇ ದಾರಿ ಬದಲಿಸಿ, ಅವಳ ಹೆಗಲಿನ ಮೇಲೆ ಬಿತ್ತು. ದೀಪ ಕಿರುಚಿದಳು. ಆಮೇಲೆ ಹೆಗಲು ಹಿಡಿದುಕೊಂಡು, ಆ ಕೈಯನ್ನೇ ನೋಡಿದಳು. ಕೆಳಗೆ ಮಲಗಿದ್ದ ಚೆಲುವಮ್ಮ ಮಗಳ ಮುಖ ನೋಡಿದಳು.

ಬಿಳಿಗಿರಿ ಏದುಸಿರು ಬಿಡುತ್ತ ಕೊಕ್ಕೆ ಎಸೆದ. ಆಗ ಬಂಡೆ ಅವನ ಕಣ್ಣಿಗೆ ಬಿತ್ತು. ಪುಟ್ಟ ಸುತ್ತಿಗೆಯನ್ನು ಹುಡುಕಿ ತಂದು, ದೀಪಳ ರಟ್ಟೆ ಹಿಡಿದು ಎಬ್ಬಿಸಿ, ಅವಳ ಕೈಗೆ ತುರುಕಿದ.

"ನಡಿ. ಬಡ್ಕಂಡು ಓಗು. ಎಲ್ಲೆಲ್ಲಿ ಒಳ್ಳೆ ಕಲ್ಲು ಉಳ್ದದೆ, ಯೋಳು."

ದೀಪ ನಡೆದಳು. ಚಪ್ಪಲಿ ಕಳಚಿ ಬಿದ್ದಿದ್ದವು, ಬರಿಗಾಲು. ಗುಂಡಿಯ ಅಂಚಿನಲ್ಲಿ ಬಡಿದಳು. "ಬೊದ್ದು." ಆಚೆ ಬಡಿದಳು. "ಬೊದ್ದು." ಬಿರುಕುಗಳನ್ನು ದಾಟುತ್ತ, ಬಿಸಿಗೆ ಕಾಲು ಎತ್ತಿ ಎತ್ತಿ ಇಡುತ್ತ ಮೇಲೇರಿದಳು. ಪ್ರತಿ ಸಲವೂ ಅದನ್ನೇ ಕೂಗಿದಳು. ಅದು ನಿಜವೂ ಆಗಿತ್ತು.

ಬಂಡೆಯ ನೆತ್ತಿಯ ಹತ್ತಿರ, ಕೊನೆಯ ಬಿರುಕು ಸತ್ತಿದ್ದ ಜಾಗದಿಂದಾಚೆ, ಅವಳು ಬಗ್ಗಿ ಬಡಿದಳು.

ಚೆಲುವಮ್ಮನಿಗೆ ಆ ಸದ್ದು ಕೇಳಲಿಲ್ಲ. ಅವಳ ಎರಡೂ ಕಿವಿಯಲ್ಲಿ ರಕ್ತ ತುಂಬಿತ್ತು. ಆದರೆ ಕೆನ್ನೆ ಕಲ್ಲಿನ ಮೇಲಿತ್ತು. ಆ ಏಟು ಕಲ್ಲಿನೊಳಗಿಂದಲೇ ಹರಿದು ಬಂದು ಅವಳ ದವಡೆಯ ಎಲುಬನ್ನು ಮುಟ್ಟಿತು. ಚಿಕ್ಕದಾಗಿ, ಗಟ್ಟಿಯಾಗಿ, ಸ್ವಲ್ಪವೂ ಚೆದುರದೆ. ನೆತ್ತಿ ಉಳಿದಿತ್ತು. ಅಲ್ಲಿಂದ ಆಚೆಗೆ ಇಳಿಜಾರು ಪೂರ್ತಿ ಗಟ್ಟಿಯಾಗಿತ್ತು. ದೀಪಳಿಗೆ, ದೀಪಳ ಸೊಸೆಗೆ ಸಾಕಾಗುವಷ್ಟು ಕಲ್ಲು. ಅವಳು ಕಣ್ಣು ಮುಚ್ಚಿಕೊಂಡಳು.

"ಏನಂತದೆ?" ಬಿಳಿಗಿರಿ ಕೆಳಗಿಂದ ಕೂಗಿದ.

ದೀಪ ಮತ್ತೊಮ್ಮೆ ಬಗ್ಗಿದಳು. ಈ ಸಲ ಎಡಗೈಯನ್ನು ಅಗಲಿಸಿ, ದನಿ ಏಳದಂತೆ ಕಲ್ಲಿನ ಮೇಲೆ ಒತ್ತಿ, ಸುತ್ತಿಗೆಯನ್ನು ಸಡಿಲವಾಗಿ ಬಿಟ್ಟಳು.

"ಬೊದ್ದು," ಎಂದಳು.

"ಸರ್ಯಾಗ್ ಕೇಳು!"

"ಕೇಳುಸ್ತು ಕಣಪ್ಪ. ಇಲ್ಲೂ ಒಡ್ದೋಗದೆ. ಪೂರ್ತಿ ಸತ್ತೋಗದೆ ಬಂಡೆ."

ಅವನು ಅವಳನ್ನೇ ನೋಡಿದ. ಆಮೇಲೆ ಶಂಕರನನ್ನು ನೋಡಿದ. ಶಂಕರ ಅತ್ತಿಗೆಯ ಬಾಯಿಗೆ ನೀರು ಹಾಕುತ್ತಿದ್ದ, ತಲೆ ಎತ್ತಲಿಲ್ಲ. ಬಿಳಿಗಿರಿ ಹರಿದ ಅಂಗಿಯನ್ನು ಬೆನ್ನಿಗೆ ಒತ್ತಿಕೊಂಡು, ಬೂದಿಯ ನಡುವೆ ಇಳಿಯುತ್ತ ಹೋದ. ಅರ್ಧ ದಾರಿಯಲ್ಲಿ ಒಮ್ಮೆ ನಿಂತು ಹಿಂದೆ ತಿರುಗಿದ.

ಅವನು ಮನೆಗಳ ಮರೆಯಾಗುವವರೆಗೂ ದೀಪ ಆ ಜಾಗದ ಮೇಲಿಂದ ಕಾಲು ತೆಗೆಯಲಿಲ್ಲ.